ಏಳನೆಯ ಸೊಪ್ಪು

ಜಾನಕಿ ಹೆದರುಪುಕ್ಕಲಿ. ಇದು ನಾನು ಹೊರಿಸುವ ಆಪಾದನೆಯಲ್ಲ, ಅವಳೇ ಊರಿಗೆಲ್ಲ ಹೇಳಿಕೊಂಡು ತಿರುಗುವ ಮಾತು. ದಾರಿಯೇ ಇಲ್ಲದ ಕಾಡಿನೊಳಗೆ ಪಟ್ಟಣದವರನ್ನು ಕರೆದುಕೊಂಡು ಹೋಗಿ, ಎರಡು ದಿನ ಗುಡ್ಡ ಹತ್ತಿಸಿ ಇಳಿಸಿ, ಜೀವಸಹಿತ ತಂದು ಹಿಲ್ಲೂರಿನಲ್ಲಿ ಬಸ್ಸು ಹತ್ತಿಸುವುದು ಅವಳ ಕೆಲಸ. ಅಂಥವಳು ಹೊರಡುವ ಮೊದಲು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿಕೊಂಡು ಬಾಯಿ ಬಿಡುವುದೇ ಹೀಗೆ:

"ನಂಗೆ ಕಾಡಂದ್ರೆ ಹೆದ್ರಿಕೆ. ಮದ್ವಿ ಆಗಿ ಬಂದು ಮೂವತ್ತೊರ್ಸ ಆಯ್ತು, ಇನ್ನೂ ಹೋಗ್ಲಿಲ್ಲ. ಧೈರ್ಯ ಇದ್ದವ್ರು ಯಾರಾದ್ರೂ ಇದ್ರೆ ಈಗ್ಲೇ ಹೇಳಿ. ಅವ್ರನ್ನ ನಾ ಕರ್ಕಂಡು ಹೋಗೂದಿಲ್ಲ."

ಎಲ್ಲರೂ ನಗುತ್ತಾರೆ. ನಾನೂ ನಕ್ಕೆ. ಅಂಕೋಲೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ, ಪಾಠದ ನಡುವೆ ನಕ್ಕವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ ಯಜ್ಞೇಶ್ವರ ಮಾಸ್ತರ, ಆ ದಿನ ಅವಳ ಅಂಗಳದಲ್ಲಿ ಹಲ್ಲು ಬಿಟ್ಟುಕೊಂಡು ಕೂತಿದ್ದೆ. ಕೇಳಬೇಕಾದ ಮಾತನ್ನು ಕೇಳದೆ ಕೂತಿದ್ದೆ ಎಂಬುದು ಸರಿಯಾದ ಮಾತು.

ಜಾನಕಿ ಹುಟ್ಟಿದ್ದು ಕೇಣಿಯಲ್ಲಿ. ಅಲ್ಲಿ ಎತ್ತ ತಿರುಗಿದರೂ ಕಣ್ಣಿಗೆ ತಡೆಯಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಯಲು ಗದ್ದೆ. ದೂರದಲ್ಲಿ ಯಾರು ಬರುತ್ತಿದ್ದಾರೆ ಎಂಬುದು ಅವರು ಬಂದು ಮುಟ್ಟುವುದಕ್ಕೆ ಅರ್ಧ ತಾಸು ಮೊದಲೇ ತಿಳಿಯುವ ಊರು. ಇಪ್ಪತ್ತರ ಹರೆಯದಲ್ಲಿ ಅವಳನ್ನು ಹಿಲ್ಲೂರಿನಿಂದ ಇನ್ನೂ ಒಳಗೆ, ಗುಡ್ಡದ ಬುಡದಲ್ಲಿ ಆರೇ ಮನೆಗಳಿದ್ದ ಕೇರಿಯ ಸುಕ್ರ ಗೌಡನಿಗೆ ಮದುವೆ ಮಾಡಿಕೊಟ್ಟರು. ಮೊದಲ ಮಳೆಗಾಲದಲ್ಲಿ ಸಂಜೆ ನಾಲ್ಕರ ಮೇಲೆ ಅವಳು ಹಿತ್ತಲಿಗೂ ಇಳಿಯಲಿಲ್ಲವಂತೆ. ಮರದ ಹಿಂದೆ ಏನಿದೆ ಎಂದು ಕಾಣದಿದ್ದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಅತ್ತೆ ಬೈದಳು, ಕೇರಿಯವರು ಆಡಿಕೊಂಡರು. ಸುಕ್ರ ಮಾತ್ರ ಏನೂ ಅನ್ನದೆ ಒಂದು ಟಾರ್ಚು ತಂದುಕೊಟ್ಟ.

ಅಂಥವಳು ಕಾಡಿಗೆ ಬಿದ್ದದ್ದು ಗಂಡ ಕಾಲು ಮುರಿದುಕೊಂಡ ಮೇಲೆ. ಅದು ಹನ್ನೊಂದು ವರ್ಷದ ಹಿಂದಿನ ಮಾತು. ಹುಳಿಗೆಂದು ಒಣಗಿಸಿಡುವ ಉಪ್ಪಾಗೆ ಕಾಯಿ ಬೀಳುವ ಆಷಾಢದ ಮಳೆಯಲ್ಲಿ ಸುಕ್ರ ಒಬ್ಬನೇ ಗುಡ್ಡ ಹತ್ತಿದವನು ಸಂಜೆಯಾದರೂ ಮನೆಗೆ ಬರಲಿಲ್ಲ. ಗುಡ್ಡಕ್ಕೆ ಎರಡು ಮಗ್ಗುಲು. ಈಚೆ ಬದಿಗೆ ಹುಡುಕಬೇಕೋ ಆಚೆ ಬದಿಗೋ ಯಾರಿಗೂ ಗೊತ್ತಿಲ್ಲ, ಎರಡೂ ಕಡೆ ಹುಡುಕುವಷ್ಟು ಹೊತ್ತೂ ಇಲ್ಲ. ಆಗ ಜಾನಕಿ ನಾಲ್ಕು ಗಂಡಸರನ್ನು ಎಬ್ಬಿಸಿಕೊಂಡು ಸೊಪ್ಪಿನ ಕಲ್ಲಿನ ತನಕ ಹೋದಳು.

ಸೊಪ್ಪಿನ ಕಲ್ಲು ಇರುವುದು ಗುಡ್ಡದ ಹೆಗಲಿನ ಮೇಲೆ, ಈಚೆಯಿಂದ ಆಚೆಗೆ ದಾಟುವಲ್ಲಿ. ಮೊಣಕಾಲೆತ್ತರದ ಕರಿಕಲ್ಲು. ಅಲ್ಲಿ ದಾಟುವವರು ಪಕ್ಕದ ಗಿಡದಿಂದ ಒಂದು ಹಸಿರು ಕುಡಿ ಮುರಿದು ಕಲ್ಲಿನ ಮೇಲಿಟ್ಟು ಮುಂದೆ ಹೋಗಬೇಕು. ಊರು ಕಾಯುವ ಜಟಗನಿಗೆ ಎನ್ನುವವರಿದ್ದಾರೆ, ಹುಲಿದೇವರಿಗೆ ಎನ್ನುವವರಿದ್ದಾರೆ. ಯಾರಿಗಾದರೂ ಆಗಲಿ, ಒಬ್ಬರಿಗೆ ಒಂದೇ ಕುಡಿ. ಆ ಸಂಜೆ ಕಲ್ಲಿನ ಮೇಲೆ ಒಂದೇ ಒಂದು ಹಸಿ ಕುಡಿ ಮಗುಚಿಕೊಂಡು ಬಿದ್ದಿತ್ತು. ಸುಕ್ರ ದಾಟಿದ್ದಾನೆ ಎಂದಾಯಿತು. ಆಚೆ ಬದಿಗೆ ಇಳಿದರು, ಹಳ್ಳದ ಕೊರಕಲಿನಲ್ಲಿ ಸಿಕ್ಕಿದ. ಎಡಗಾಲು ಎರಡು ಕಡೆ ಮುರಿದಿತ್ತು, ನೀರು ಸೊಂಟದ ತನಕ ಏರಿತ್ತು.

"ಈಚಿ ಬದಿ ಹುಡುಕಿದ್ರೆ ಬೆಳಿಗ್ಗೆ ಹೆಣ ಸಿಕ್ತಿತ್ತು," ಎಂದು ಸುಕ್ರ ಈಗಲೂ ಜಗುಲಿಯ ಮೇಲೆ ಕತ್ತಿಗೆ ಹಿಡಿ ಹಾಕುತ್ತ, ಪಕ್ಕದ ಮನೆಯವನ ಸುದ್ದಿ ಹೇಳಿದಂತೆ ಹೇಳುತ್ತಾನೆ. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಅವನ ಕತ್ತಿ ತಗೊಂಡು ಜಾನಕಿ ಉಪ್ಪಾಗೆಗೆ, ರಾಮಪತ್ರೆಗೆ, ಜೇನಿಗೆ ಹೊರಟಳು. ಹೆದರಿಕೆಯನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ, ಸಂಗಡವೇ ಕರೆದುಕೊಂಡು ಹೋದಳು. ಹೆದರಿದವರು ಪ್ರತಿ ಮರವನ್ನೂ ಎರಡೆರಡು ಸಲ ನೋಡುತ್ತಾರೆ. ಹಾಗೆ ನೋಡಿ ನೋಡಿ, ಐದು ವರ್ಷದಲ್ಲಿ ಆ ಗುಡ್ಡವನ್ನು ಸುಕ್ರನಿಗಿಂತ ಚೆನ್ನಾಗಿ ಬಲ್ಲವಳಾದಳು.

ಅಷ್ಟು ಹೊತ್ತಿಗೆ ಅಮದಳ್ಳಿಯ ಪ್ರದೀಪ ಬಂದ. ಅವನು ನನ್ನ ಹಳೆಯ ವಿದ್ಯಾರ್ಥಿ, ಬೀಜಗಣಿತದಲ್ಲಿ ಸೊನ್ನೆ, ಓಟದಲ್ಲಿ ಮೊದಲಿಗ. ಕಾರವಾರದಲ್ಲಿ ಚಾರಣದ ಒಂದು ಗುಂಪು ಕಟ್ಟಿಕೊಂಡು, ಅರಣ್ಯ ಇಲಾಖೆಯ ಪರವಾನಗಿ ಮಾಡಿಸಿ, ಯಾರೂ ನಡೆಯದ ಗುಡ್ಡಗಳಿಗೆ ಜನರನ್ನು ಕರೆದೊಯ್ಯುತ್ತಾನೆ. ಸುಕ್ರನನ್ನು ಹುಡುಕಿಕೊಂಡು ಬಂದವನಿಗೆ ಜಾನಕಿ ಸಿಕ್ಕಿದಳು. ಆರು ವರ್ಷಗಳಿಂದ ಅವಳೇ ಮುಂದೆ, ಇವನು ಬಾಲಕ್ಕೆ.

ನನಗೆ ಈ ಹುಚ್ಚು ಹತ್ತಿದ್ದು ನಿವೃತ್ತಿಯ ಮೇಲೆ. ಜಾನಕಿಯ ಮಗಳು ವೀಣಾ ನನ್ನ ಕೈಯಲ್ಲಿ ಕಲಿತವಳು, ಹಾಗಾಗಿ ಆ ಮನೆ ನನಗೆ ಹೊಸದಲ್ಲ. ಹೊರಡುವ ದಿನ ನನ್ನ ಹೆಂಡತಿ ಭಾಗೀರಥಿ ಚೀಲಕ್ಕೆ ಅವಲಕ್ಕಿ ಕಟ್ಟಿಕೊಡುತ್ತ, "ಎಂಗೂ ಆ ಗುಡ್ಡೆ ನೋಡವು ಹೇಳಿ ಆಶೆ ಇತ್ತು. ಈ ಮೊಣಕಾಲಿಗೆ ಎಂತ ಮಾಡದು," ಎಂದಳು. ಮದುವೆಯಾದ ಹೊಸತರಲ್ಲಿ ಗುಡ್ಡ ಹತ್ತುವಾಗ ನಾನು ಏದುಸಿರು ಬಿಡುತ್ತಿದ್ದರೆ ಮೇಲೆ ನಿಂತು ನಗುತ್ತಿದ್ದವಳು ಅವಳು. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಅವಳ ಆ ಮಾತು ನನ್ನ ಚೀಲದಲ್ಲಿ ಅವಲಕ್ಕಿಯ ಜೊತೆಗೇ ಬಂತು.

ದೀಪಾವಳಿ ಕಳೆದ ವಾರ ಅದು. ನಾವು ಒಟ್ಟು ಆರು ಜನ. ಮುಂದೆ ಜಾನಕಿ. ಅವಳ ಹಿಂದೆ ನಾನು, ವಯಸ್ಸಾದವನೆಂದು. ನನ್ನ ಹಿಂದೆ ಪವನ್ ಮತ್ತು ಕಾರ್ತಿಕ ಎಂಬ ಕಾರವಾರದ ಇಬ್ಬರು ಗೆಳೆಯರು. ಆಮೇಲೆ ಮಾನಸಾ, ಕಾರವಾರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಇಪ್ಪತ್ತಾರರ ಆಸುಪಾಸು, ಮಾತು ಕಡಿಮೆ. ಕೊನೆಗೆ ಪ್ರದೀಪ.

ಅಂಗಳದಲ್ಲಿ ಜಾನಕಿ ಮೂರು ಮಾತು ಹೇಳಿದಳು. ದಾರಿ ತಪ್ಪಿದರೆ ನಡೆಯಬಾರದು, ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತುಬಿಡಬೇಕು. 'ಕೂ' ಹಾಕಿದರೆ ಕೂ ಎಂದೇ ಉತ್ತರ ಕೊಡಬೇಕು. ಕಲ್ಲಿನ ಮೇಲೆ ಒಬ್ಬರು ಒಂದೇ ಕುಡಿ ಇಡಬೇಕು.

"ಬರೂವಾಗ ಕಲ್ಲಿನ್ ಹತ್ರ ನಿಂತ್ಕಂಡು ನಾ ಎಲ್ಲರ ಹೆಸ್ರು ಹಿಡ್ದು ಕರೀತೆ. 'ಓ' ಅನ್ಬೇಕು. ಕರೀದೇ ಬಂದ್ರೆ ಅರ್ಧ ಮನ್ಸಾ ಅಲ್ಲೇ ಉಳೀತಾನೆ ಅಂತ ನಮ್ಮತ್ತೆ ಹೇಳ್ತಿತ್ತು."

ಪವನ್ ಮೆಲ್ಲಗೆ, "ಅರ್ಧ ಉಳಿದ್ರೆ ಬಸ್ಸಿಗೆ ಅರ್ಧ ಟಿಕೆಟ್ ಸಾಕಲ್ಲ," ಎಂದ. ಮತ್ತೆ ನಕ್ಕೆವು.

ಬೆಳಿಗ್ಗೆ ಒಂಬತ್ತಕ್ಕೆ ಹತ್ತಲು ಶುರುಮಾಡಿದೆವು. ಮೊದಲ ಒಂದು ತಾಸು ದನಗಳು ನಡೆದ ಜಾಡು ಇತ್ತು, ಆಮೇಲೆ ಅದೂ ಮುಗಿಯಿತು. ಜಾನಕಿ ಕತ್ತಿಯಿಂದ ಬೆತ್ತದ ಮುಳ್ಳು ಬಿಡಿಸಿ ಒಬ್ಬರು ತೂರುವಷ್ಟೇ ಕಂಡಿ ಮಾಡುತ್ತ ಹೋದಳು, ನಾವು ಹಿಂದೆ ನುಸುಳಿದೆವು. ಪ್ರತಿ ಹತ್ತು ಹೆಜ್ಜೆಗೆ ಅವಳು ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಹೋಗುವಾಗ ಕಾಣುವ ಕಾಡು ಬರುವಾಗ ಬೇರೆ ಕಾಣುತ್ತದೆ, ಅದಕ್ಕೇ ಹಿಂದಿನಿಂದಲೂ ನೋಡಿಟ್ಟುಕೊಳ್ಳಬೇಕು ಎಂದಳು. ಎಡಕ್ಕೆ ಎಲ್ಲೋ ಕೆಳಗೆ ಪ್ರಪಾತವಿತ್ತು. ಕಾಣುತ್ತಿರಲಿಲ್ಲ. ಆ ಕಡೆಯಿಂದ ತಣ್ಣಗಿನ ಗಾಳಿ ಮಾತ್ರ ಮೇಲೇರಿ ಬರುತ್ತಿತ್ತು, ಅದು ತಾಗಿದಾಗಲೆಲ್ಲ ಅವಳು ನಮ್ಮನ್ನು ಬಲಕ್ಕೆ ಸರಿಸುತ್ತಿದ್ದಳು.

ಎರಡು ಗಂಟೆಯ ಹೊತ್ತಿಗೆ ಮಳೆ ಬಂತು. ಹೇಳಿ ಕೇಳಿ ಬಂದದ್ದಲ್ಲ, ಒಮ್ಮೆಲೇ ಸುರಿದು ಅರ್ಧ ತಾಸಿಗೆ ನಿಂತಿತು. ನಿಂತ ಮೇಲೆ ಕಣಿವೆಯಿಂದ ಮಂಜು ಎದ್ದಿತು. ಮೂರು ಮಾರು ದೂರದ ಪವನ್‌ನ ಕೆಂಪು ಚೀಲ ಮೊದಲು ಮಾಸಿತು, ಆಮೇಲೆ ಇಲ್ಲವಾಯಿತು. ಜಾನಕಿ ತಿರುಗಿ ನೋಡಿದಾಗ ಅವಳ ಮುಖ ಬಿಳುಚಿಕೊಂಡಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

"ಕಲ್ಲು ಇಲ್ಲೇ ಮೇಲೆ ಅದೆ. ದಾಟಿ ಇಳದ್ರೆ ಹಾಸುಗಲ್ಲು, ಅಲ್ಲೇ ಉಳಿಯೂದು. ನಾ ಮುಂದೆ ಹೋಗಿ ಹಳ್ಳದ ಬದಿಗೆ ಕಾಟಿ ಇದೆಯಾ ನೋಡ್ತೆ. ನೀವು ಒಬ್ರ ಹಿಂದೊಬ್ರು ಬನ್ನಿ, ನಾ ಕಡ್ದ ಕಂಡಿ ಬಿಟ್ಟು ಆಚಿಗೀಚಿಗೆ ಕಾಲಿಡ್ಬೇಡಿ," ಎಂದು ಮೇಲೆ ಹತ್ತಿ, ತನ್ನ ಕುಡಿಯನ್ನು ಕಲ್ಲಿಗಿಟ್ಟು ಮಂಜಿನಲ್ಲಿ ಇಳಿದುಹೋದಳು. ಕಾಟಿ ಎಂದರೆ ಕಾಡುಕೋಣ. ಗುಂಪಿನ ನಡುವೆ ಸಿಕ್ಕಿಕೊಂಡರೆ ಉಳಿಗಾಲವಿಲ್ಲ.

ನಾನು ಕಲ್ಲಿನ ಬಳಿ ಒಬ್ಬನೇ ನಿಂತೆ. ಪಕ್ಕದ ಗಿಡದಿಂದ ಒಂದು ಕುಡಿ ಮುರಿದು ಇಟ್ಟು ಕೈಮುಗಿದೆ. ಭಯವಾಗಿತ್ತು. ಭಯವಾದಾಗ ಮನೆ ನೆನಪಾಗುತ್ತದೆ. ನಾವು ದೇವಸ್ಥಾನಕ್ಕೆ ಹೋದರೆ ಒಬ್ಬರ ಹೆಸರಿನಲ್ಲಿ ಅರ್ಚನೆ ಮಾಡಿಸಿ ಬರುವವರಲ್ಲ. ಮನೆಯಲ್ಲಿ ಮಲಗಿದವರ ಹೆಸರು, ನಕ್ಷತ್ರ ಎಲ್ಲ ಹೇಳಿ, ಅವರ ಪಾಲಿನ ಪ್ರಸಾದ ಎಲೆಯಲ್ಲಿ ಕಟ್ಟಿಕೊಂಡು ಬರುವವರು. ಅರವತ್ತು ವರ್ಷದ ರೂಢಿ ಕೈಗೆ. ಆ ಕೈ ಇನ್ನೊಂದು ಕುಡಿ ಮುರಿಯಿತು. 'ಇದು ಭಾಗೀರಥಿಯದು' ಎಂದು ಮನಸ್ಸಿನಲ್ಲೇ ಹೇಳಿ ನನ್ನದರ ಪಕ್ಕಕ್ಕಿಟ್ಟೆ. ಒಬ್ಬರಿಗೆ ಒಂದೇ ಎಂದು ಅಂಗಳದಲ್ಲಿ ಕೇಳಿದ್ದು ನೆನಪಿತ್ತೇ? ಇತ್ತು. ಅದು ಮಕ್ಕಳಿಗೆ ಹೇಳಿದ ಮಾತು, ನನ್ನಂಥವನಿಗಲ್ಲ ಎಂದುಕೊಂಡಿದ್ದೆ.

ಹಾಸುಗಲ್ಲಿಗೆ ನಾನು ಇಳಿದು ಸ್ವಲ್ಪ ಹೊತ್ತಿಗೆ ಪವನ್ ಬಂದ, ಹಿಂದೆಯೇ ಕಾರ್ತಿಕ. ಸ್ವಲ್ಪ ತಡವಾಗಿ ಪ್ರದೀಪ ಬಂದ. ಮೂವರೂ ಕಲ್ಲಿಗೆ ಕುಡಿ ಇಟ್ಟೇ ಬಂದಿದ್ದರು. ಪ್ರದೀಪನ ಕಣ್ಣು ನಮ್ಮನ್ನೆಲ್ಲ ಒಂದು ಸುತ್ತು ಎಣಿಸಿತು.

"ಮಾನಸಾ ಎಲ್ಲಿ?"

"ನಿನ್ನ ಮುಂದೆ ಇದ್ಲಲ್ಲ," ಎಂದ ಕಾರ್ತಿಕ.

ಪ್ರದೀಪನ ಮುಖದಿಂದ ರಕ್ತ ಇಳಿದದ್ದು ಆ ಮಂಜಿನಲ್ಲೂ ಕಂಡಿತು. ಕಲ್ಲಿಗಿಂತ ಕೆಳಗೆ, ಹತ್ತುವಾಗ, ಅವಳು "ನೀವು ಮುಂದೆ ಹೋಗಿ, ಎರಡು ನಿಮಿಷ, ಬಂದೆ," ಎಂದು ಮರೆಗೆ ಹೋಗಿದ್ದಳಂತೆ. ಹೆಣ್ಣುಮಗಳು, ಯಾಕೆ ಎಂದು ಕೇಳುವುದೇ? ಅವನು ಇಪ್ಪತ್ತು ಹೆಜ್ಜೆ ಮೇಲೆ ಹೋಗಿ ಬೆನ್ನು ತಿರುಗಿಸಿ ನಿಂತ. ಅಷ್ಟರಲ್ಲಿ ಮಂಜು ಕವಿಯಿತು. ಕರೆದ, ಉತ್ತರವಿಲ್ಲ. ಇಳಿದು ಹುಡುಕಿದ, ಇಲ್ಲ. ಮೇಲುಗಡೆ ಯಾರೋ ನಡೆದ ಸದ್ದು ಕೇಳಿತು. ತನ್ನನ್ನು ಕಾಣದೆ ಬಳಸಿಕೊಂಡು ಮುಂದೆ ಹೋಗಿರಬೇಕು ಎಂದುಕೊಂಡು ಓಡೋಡಿ ಬಂದ. ಆ ಸದ್ದು ಕಾರ್ತಿಕನದಾಗಿತ್ತು.

ಹಳ್ಳದಿಂದ ಬಂದ ಜಾನಕಿ ಎಲ್ಲ ಕೇಳಿದಳು. ಯಾರನ್ನೂ ಬೈಯಲಿಲ್ಲ. "ನಾ ಕಲ್ಲು ನೋಡ್ಕಂಡು ಬತ್ತೆ. ಒಬ್ರೂ ಅಲ್ಲಾಡ್ಬೇಡಿ," ಎಂದು ಮೇಲೆ ಓಡಿದಳು. ಹತ್ತು ನಿಮಿಷಕ್ಕೆ ತಿರುಗಿ ಬಂದಾಗ ಮುಖ ಸ್ವಲ್ಪ ಹಗುರಾಗಿತ್ತು.

"ಆರೂ ಅದೆ. ಹಸಿ ಕುಡಿ ಆರು. ಹುಡ್ಗಿ ಕಲ್ಲು ದಾಟಿ ಬಂದದೆ. ಈ ಹಳ್ಳದ ಬದಿಗೇ ಎಲ್ಲೋ ತಪ್ಪಿ ಇಳದದೆ. ಪ್ರಪಾತದ ಬದಿಗಿಲ್ಲ, ದೇವ್ರು ದೊಡ್ಡವ."

ಪ್ರದೀಪ ಎರಡೂ ಕೈಯಿಂದ ಮುಖ ಒರೆಸಿಕೊಂಡು ಉಸಿರು ಬಿಟ್ಟ. ನಾನು ಮಾತ್ರ ಒಳಗೊಳಗೇ ಎಣಿಸಿದೆ. ಜಾನಕಿ ಒಂದು, ನಾನು ಒಂದು, ಪವನ್, ಕಾರ್ತಿಕ, ಪ್ರದೀಪ. ಐದು. ಮತ್ತೊಂದು ಯಾರದೆಂದು ನನ್ನ ಕೈಗೆ ಗೊತ್ತಿತ್ತು.

ಆಗಲೇ ಹೇಳಬೇಕಿತ್ತು. ನಾನು ಹೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ನನ್ನದೊಂದು ಗಾಳಿಗೆ ಹಾರಿಹೋಗಿರಬಹುದು, ಮಾನಸಾಳೇ ಬಂದು ಇಟ್ಟಿರಬಹುದು ಎಂದು ಲೆಕ್ಕದ ಮಾಸ್ತರನಿಗೆ ಎಷ್ಟು ಬೇಕೋ ಅಷ್ಟು ಸುಳ್ಳು ಲೆಕ್ಕ ಹೊಳೆಯಿತು. ನಿಜ ಇಷ್ಟೇ: ಕಲಿಸಿದ ಹುಡುಗನ ಎದುರಿಗೆ, ಕಾಲೇಜು ಬಿಟ್ಟ ಪೋರರ ಎದುರಿಗೆ, 'ಹೇಳಿದ ಮಾತು ಕೇಳಲಿಲ್ಲ' ಎಂದು ನಿಲ್ಲಲು ನಾಚಿಕೆಯಾಯಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಅದು ನಾನೇ.

ಹುಡುಕಲು ಹೊರಟೆವು. ಜಾನಕಿ ಕತ್ತಿಯ ಬೆನ್ನಿನಿಂದ ಮರಕ್ಕೆ ಮೂರು ಏಟು ಹಾಕಿ, 'ಕೂ' ಹಾಕಿ, ಉಸಿರು ಹಿಡಿದು ನಿಲ್ಲುತ್ತಿದ್ದಳು. ಒಮ್ಮೆ ಕೆಳಗಿನಿಂದ ಸಣ್ಣಗೆ 'ಕೂ' ಎಂದು ಬಂತು. ಎಲ್ಲರೂ ಆ ಕಡೆಗೆ ಬಿದ್ದು ಎದ್ದು ಓಡಿದೆವು. ಮತ್ತೆ ಕೂಗಿದೆವು, ಮತ್ತೆ ಇನ್ನೂ ಕೆಳಗಿನಿಂದ ಬಂತು. ಹೀಗೆ ಮೂರು ಸಲ. ಆಮೇಲೆ ಜಾನಕಿ ನಿಂತು, "ಇದು ನಮ್ದೇ ದನಿ. ಎದ್ರು ಗುಡ್ಡ ತಿರ್ಗಿ ಕೊಡ್ತದೆ," ಎಂದಳು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಆ ಕಣಿವೆಯಲ್ಲಿ ಐದೂವರೆಗೆ ಬೆಳಕು ಸಾಯುತ್ತದೆ.

ಹಳ್ಳದ ದಡದಲ್ಲಿ ಒಂದು ಕಡೆ ಮಣ್ಣು ಹೊಸದಾಗಿ ಜಾರಿದ ಗುರುತಿತ್ತು. ಮೇಲಿನ ಮಳೆಯ ನೀರೆಲ್ಲ ಬಂದು ಹಳ್ಳ ಕೆಂಪಗೆ ಉಬ್ಬಿ, ಕಲ್ಲುಗಳನ್ನು ಉರುಳಿಸುವ ಸದ್ದು ನೆಲದೊಳಗಿನಿಂದ ಬರುತ್ತಿತ್ತು. ಜಾನಕಿ ಜಾರಿದ ಗುರುತನ್ನು ನೋಡಿದಳು, ನೀರನ್ನು ನೋಡಿದಳು.

"ಇಲ್ಲಿ ಎಲ್ಲೂ ಇಲ್ಲ ಅಂದ್ಮೇಲೆ ಹಳ್ಳ ದಾಟಿಬಿಟ್ಟದೆ. ನೀರು ಬರೂಕೆ ಮುಂಚೆ ದಾಟಿ ಆಚಿಗೆ ಸಿಕ್ಕಿ ಬಿದ್ದದೆ. ಪ್ರದೀಪಾ, ಹಗ್ಗ ತೆಗಿ."

"ಜಾನಕ್ಕಾ, ನೀರು ನೋಡು. ಹೋಗ್ಬೇಡ," ಎಂದ ಪ್ರದೀಪ.

"ನಂಗೇನು ಹೋಗೂಕೆ ಆಶಿಯಾ? ಜೀವ ಬಾಯಿಗೆ ಬಂದದೆ. ಆದ್ರೆ ಸೊಪ್ಪು ಸುಳ್ಳು ಹೇಳೂದಿಲ್ಲ. ನನ್ ಗಂಡನ್ನ ಕೊಟ್ಟದ್ದು ಅದೇ."

ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ಅವಳು ನೀರಿಗಿಳಿದಳು. ಮೊದಲ ಹೆಜ್ಜೆಗೆ ಮೊಣಕಾಲು ಮುಳುಗಿತು. ಎರಡನೆಯದಕ್ಕೆ ತೊಡೆ. ಮೂರನೆಯ ಹೆಜ್ಜೆಗೆ ಕಾಲಡಿಯ ಕಲ್ಲು ಉರುಳಿ ಅವಳು ಪಕ್ಕಕ್ಕೆ ವಾಲಿದಳು, ಹಗ್ಗ ಹಿಡಿದ ನಾವು ನಾಲ್ವರೂ ಒಂದು ಮಾರು ಜಗ್ಗಿಹೋದೆವು. ಆ ನೀರಿನಲ್ಲಿ ಅವಳು ನಿಂತದ್ದು ನನ್ನ ಒಂದು ಕುಡಿಯ ಮೇಲೆ.

"ಜಾನಕೀ!" ಎಂದು ಕಿರುಚಿದೆ. ಗಂಟಲು ಹರಿದುಹೋಗುವ ಹಾಗೆ. "ಹೋಗಬೇಡ, ತಿರುಗು! ಒಂದು ಸೊಪ್ಪು ನನ್ನದು! ನಾನು ಎರಡು ಇಟ್ಟಿದ್ದೆ!"

ನೀರಿನ ಸದ್ದಿನಲ್ಲಿ ಮೊದಲ ಸಲ ಅವಳಿಗೆ ಕೇಳಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು, ಇನ್ನೂ ಗಟ್ಟಿಯಾಗಿ, ಎಲ್ಲರ ಎದುರಿಗೆ. ಅವಳು ತಿರುಗಿದಳು. ನಾವು ಹಗ್ಗ ಎಳೆದೆವು. ದಡಕ್ಕೆ ಬಂದು ಮೊಣಕಾಲೂರಿ ಎರಡು ಸಲ ಕೆಮ್ಮಿ, ನನ್ನ ಮುಖ ನೋಡಿದಳು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟು ಸುಖವಿತ್ತು.

"ಹಾಗಾದ್ರೆ ಪ್ರಪಾತದ ಬದಿಗೆ," ಎಂದಳು ಅಷ್ಟೇ. ಹಗ್ಗ ಬಿಚ್ಚದೆಯೇ ಮೇಲೆ ಓಡಿದಳು. ಹಗ್ಗದ ಬಾಲ ಅವಳ ಹಿಂದೆ ಎಲೆಗಳ ಮೇಲೆ ಹರಿದುಹೋಯಿತು.

ನನ್ನ ವಯಸ್ಸಿನವರು ಆ ಏರನ್ನು ಓಡಿ ಹತ್ತುವುದಿಲ್ಲ. ನಾನು ಹತ್ತಿದೆ. ಕಲ್ಲು ದಾಟುವಾಗ ನೋಡಲಿಲ್ಲ, ನೋಡುವ ಮುಖವಿರಲಿಲ್ಲ. ಕಲ್ಲಿನಿಂದ ಕೆಳಗೆ ಜಾನಕಿ ನಡಿಗೆ ನಿಧಾನ ಮಾಡಿದಳು. ಬೆಳಗಿನಿಂದ ಹಿಂತಿರುಗಿ ನೋಡಿಟ್ಟುಕೊಂಡಿದ್ದ ಮರಗಳನ್ನು ಒಂದೊಂದಾಗಿ ಮುಟ್ಟುತ್ತ ಇಳಿದಳು. ಮಂಜು ಈಗ ಬೂದಿಬಣ್ಣವಾಗಿತ್ತು. ತಣ್ಣಗಿನ ಗಾಳಿ ಮುಖಕ್ಕೆ ತಾಗಿದ ಕಡೆ ಕೈ ಎತ್ತಿ ನಮ್ಮನ್ನು ನಿಲ್ಲಿಸಿ ಕತ್ತಿಯ ಬೆನ್ನಿನಿಂದ ಮೂರು ಏಟು ಹಾಕಿದಳು. 'ಕೂ' ಎಂದಳು.

ಏನಿಲ್ಲ. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು.

ಇನ್ನೂ ಹತ್ತು ಮಾರು ಇಳಿದು ಮತ್ತೆ ಮೂರು ಏಟು. ಆಗ ಬಲಗಡೆಯಿಂದ, ಗಾಳಿ ಬರುವ ಕಡೆಯಿಂದಲೇ, ಟಕ್ ಎಂದು ಒಂದು ಸದ್ದು. ಮತ್ತೆ ಟಕ್. ಕಲ್ಲಿನಿಂದ ಮರಕ್ಕೆ ಬಡಿದ ಸದ್ದು. ಅತ್ತ ನುಗ್ಗಿದ ಪ್ರದೀಪನನ್ನು ಜಾನಕಿ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. ಅವನ ಪಾದದಿಂದ ಎರಡು ಹೆಜ್ಜೆಗೆ ನೆಲ ಮುಗಿದಿತ್ತು.

ಹಗ್ಗವನ್ನು ಮರಕ್ಕೆ ಸುತ್ತಿ ಜಾನಕಿಯೇ ಹೊಟ್ಟೆಯ ಮೇಲೆ ತೆವಳಿಕೊಂಡು ಇಳಿದಳು. ಎರಡಾಳು ಕೆಳಗೆ ಅಂಚಿನಂಥ ಜಾಗ, ಅಲ್ಲೊಂದು ಮರ, ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು ಮಾನಸಾ. ಒಂದು ಪಾದ ಊದಿಕೊಂಡಿತ್ತು. ಕೈಯಲ್ಲಿ ಒಂದು ಕಲ್ಲು. ಅವಳು ಚಾಚಿದ ಕಾಲಿನ ಮುಂದೆ ಮಂಜು ಮಾತ್ರ ಇತ್ತು.

ಮೇಲೆ ಎಳೆದುಕೊಂಡಾಗ ಅವಳು ಅಳಲಿಲ್ಲ. ಹಲ್ಲು ಕಟಕಟಿಸುತ್ತಿದ್ದವು. "ಕಾಲು ಜಾರಿ ಬಿದ್ದ ಕೂಡ್ಲೆ ಉಸಿರೇ ಬರ್ಲಿಲ್ಲ. ಆಮೇಲೆ ಕೂಗ್ತಾ ಇದ್ದೆ, ದನಿ ಹೋಯ್ತು," ಎಂದಳು ಪಿಸುದನಿಯಲ್ಲಿ. "ಮೊದ್ಲು ನಿಮ್ ಕೂ ಹತ್ರ ಕೇಳ್ತು. ಆಮೇಲೆ ದೂರ. ಇನ್ನೂ ದೂರ. ಯಾಕೆ ದೂರ ಹೋಗ್ತಾ ಇದ್ದಾರೆ ಅಂತ... ನನ್ನನ್ನ ಬಿಟ್ಟು ಹೋದ್ರು ಅಂತ... ಎದ್ದು ಹೊರಟ್ಬಿಡ್ಬೇಕು ಅನ್ನಿಸ್ತಿತ್ತು. ಜಾನಕ್ಕ ಕೂತ್ಕಳಿ ಅಂದಿದ್ರಲ್ಲ, ಅದೊಂದೇ ಹಿಡ್ಕೊಂಡು ಕೂತೆ."

ಎದ್ದು ಒಂದು ಹೆಜ್ಜೆ ಇಟ್ಟಿದ್ದರೆ? ಆ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಾಸುಗಲ್ಲಿನಿಂದ ಹಳ್ಳದ ತನಕ ನಾನು ಬಾಯಿ ಮುಚ್ಚಿಕೊಂಡಿದ್ದ ಅರ್ಧ ತಾಸು, ಅವಳು ನಮ್ಮ ದನಿ ದೂರ ಹೋಗುವುದನ್ನು ಕೇಳುತ್ತ ಕೂತಿದ್ದ ಅರ್ಧ ತಾಸು, ಎರಡೂ ಒಂದೇ.

ಪ್ರದೀಪ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ. ಕಲ್ಲಿನ ಬಳಿ ಅವಳು ತಾನೇ ಕೈಚಾಚಿ ಒಂದು ಕುಡಿ ಮುರಿದು ಇಟ್ಟಳು. ಹಾಸುಗಲ್ಲಿನ ಮೇಲೆ ಬೆಂಕಿ ಹಾಕಿ ಕೂತು ಭಾಗೀರಥಿಯ ಅವಲಕ್ಕಿಯನ್ನು ಎಲ್ಲರೂ ತಿಂದರು. ಜಾನಕಿ ನನ್ನ ಪಕ್ಕದಲ್ಲೇ ಕೂತು ಒದ್ದೆ ಸೆರಗನ್ನು ಬೆಂಕಿಗೆ ಹಿಡಿದಿದ್ದಳು.

"ಯಾವಾಗ ನೆನ್ಪಾಯ್ತು ಮಾಸ್ತರ್ರೆ?" ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. "ನೀನು ಆರು ಅಂದಾಗಲೇ," ಎಂದೆ.

ಅವಳು ಸೆರಗಿನ ಇನ್ನೊಂದು ಮಗ್ಗುಲನ್ನು ಬೆಂಕಿಗೆ ತಿರುಗಿಸಿದಳು. "ನಂಗೆ ಹೆದ್ರಿಕೆ ಕಾಡಿಂದು. ನಿಮ್ಗೆ ಜನರದ್ದು," ಎಂದಳು ಆಮೇಲೆ. "ಕಾಡಿನ್ ಹೆದ್ರಿಕೆ ಒಳ್ಳೇದು ಮಾಸ್ತರ್ರೆ, ಅದು ಕಾಯ್ತದೆ."

ಮರುದಿನ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಮಾನಸಾಳ ಪಾದಕ್ಕೆ ಪಟ್ಟಿ ಬಿಗಿದು, ಮುಂದಿನ ದಾರಿ ಕೈಬಿಟ್ಟು ಬಂದಂತೆಯೇ ತಿರುಗಿ ಹೊರಟೆವು. ಕಲ್ಲಿನ ಬಳಿ ಬಂದಾಗ ಜಾನಕಿ ನಿಂತಳು. ಕಲ್ಲಿನ ಮೇಲೆ ಏಳು ಕುಡಿಗಳು ಸ್ವಲ್ಪ ಬಾಡಿಕೊಂಡು ಮಲಗಿದ್ದವು. ಅವಳು ಹಾಸುಗಲ್ಲಿನ ಕಡೆಗೆ ಮುಖ ಮಾಡಿ, ಸಂಜೆ ಮಕ್ಕಳನ್ನು ಮನೆಗೆ ಕರೆಯುವ ಹಾಗೆ, ದನಿ ಎಳೆದು ಒಂದೊಂದೇ ಹೆಸರು ಕರೆದಳು. "ಪವನ್ನಾ, ಬಾ, ಹೋಗ್ವಾ." ಪವನ್ 'ಓ' ಎಂದ. ಈ ಸಲ ನಗಲಿಲ್ಲ. ಕಾರ್ತಿಕ, ಪ್ರದೀಪ 'ಓ' ಎಂದರು. ಮಾನಸಾಳ ಗಂಟಲಿನಿಂದ ಗಾಳಿಯಷ್ಟೇ ಬಂತು, ಅದು ಸಾಕಾಯಿತು. ತನ್ನ ಹೆಸರನ್ನು ತಾನೇ ಕರೆದುಕೊಂಡು ತಾನೇ 'ಓ' ಎಂದಳು. ನನ್ನನ್ನು ಕರೆದಳು, ನಾನೂ ಎಂದೆ.

ಪ್ರದೀಪ ಚೀಲ ಏರಿಸಿಕೊಂಡ. ಜಾನಕಿ ಅಲ್ಲಾಡಲಿಲ್ಲ. ಏಳನೆಯ ಕುಡಿಯನ್ನು ಕತ್ತಿಯ ತುದಿಯಿಂದ ತೋರಿಸಿ ನನ್ನನ್ನು ಕೇಳಿದಳು.

"ಇದು ಯಾರ್ದು?"

"ಭಾಗೀರಥಿಯದು. ನನ್ನ ಹೆಂಡತಿ. ಅವಳು ಮನೆಯಲ್ಲೇ ಇದ್ದಾಳೆ, ಜಾನಕಿ."

"ಇರ್ಬಹುದು. ಸೊಪ್ಪು ಇಟ್ಮೇಲೆ ಇಲ್ಲಿಗೂ ಬಂದಂಗೇ. ಅವ್ರನ್ನ ಇಲ್ಲೇ ಬಿಟ್ಟು ಹೋಗೂದಾ?"

ನನ್ನ ಉತ್ತರಕ್ಕೆ ಕಾಯದೆ ಅವಳು ಮತ್ತೆ ಆ ಕಣಿವೆಗೆ ಮುಖ ಮಾಡಿದಳು. ತನ್ನನ್ನು ನೀರಿಗೆ ಇಳಿಸಿದ್ದ ಆ ಹೆಸರನ್ನು, ತಾನು ಕಂಡೇ ಇರದ ಹೆಂಗಸಿನ ಹೆಸರನ್ನು, ಉಳಿದೆಲ್ಲರಿಗಿಂತ ಉದ್ದ ಎಳೆದು ಕರೆದಳು.

"ಭಾಗೀರಥಕ್ಕಾ... ಬಾರೇ, ಮನಿಗೆ ಹೋಗ್ವಾ..."

ಎದುರು ಗುಡ್ಡ ಆ ಹೆಸರನ್ನು ತಿರುಗಿ ಕೊಟ್ಟಿತು. ಎಲ್ಲರೂ ನನ್ನ ಕಡೆ ನೋಡಿದರು. ಬಾಯಿ ತೆರೆದೆ, ದನಿ ಬರಲಿಲ್ಲ. ಅವಳು ಮತ್ತೊಮ್ಮೆ ಕರೆದಳು. ಆಗ ನನ್ನ ಹೆಂಡತಿಯ ಬದಲಿಗೆ ನಾನು, ಹಿಂದಿನ ದಿನ ಹೇಳಬೇಕಾದ ಹೊತ್ತಿಗೆ ಹೊರಡದ ಗಂಟಲಿನಿಂದ, 'ಓ' ಎಂದೆ.

ಆಮೇಲೆ ಅವಳು ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಿಂದೆಂದೂ ಮಾಡದಿದ್ದ ಕೆಲಸ ಮಾಡಿದಳು. ತನ್ನನ್ನು ಒಂದೆಂದು ಹಿಡಿದು, ಒಬ್ಬೊಬ್ಬರ ಹೆಗಲು ಮುಟ್ಟಿ ಬಾಯಿಬಿಟ್ಟು ಎಣಿಸಿದಳು. ಇನ್ನು ಮುಂದೆ ಸೊಪ್ಪನ್ನು ನಂಬುವುದಿಲ್ಲ ಎಂದು ಅವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದಳು. ನನ್ನ ಹೆಗಲನ್ನು ಎರಡು ಸಲ ಮುಟ್ಟಿ, "ಆರು, ಏಳು. ನಡೀರಿ," ಎಂದಳು.